ಹೋಗಲು 3 ಗಂಟೆ, ಬರಲು 12 ಗಂಟೆ? ಲಂಡನ್–ನ್ಯೂಯಾರ್ಕ್ ವಿಮಾನಯಾನದ ಮೂಲಕ ದೂರ ಮತ್ತು ವೇಳೆಯ ಪಾಠ

ಬೋಧನಾಭ್ಯಾಸಕ್ಕೆ 'ರೇಖಾಂಶ ಮತ್ತು ವೇಳೆ' ಎಂಬ ಘಟಕವನ್ನು ಆಯ್ದುಕೊಳ್ಳುವ ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ಒಂದೇ ದಾರಿ ಹಿಡಿಯುತ್ತಾರೆ. ಭೂಮಿ 24 ಗಂಟೆಗಳಲ್ಲಿ 360 ಡಿಗ್ರಿ ತಿರುಗುತ್ತದೆ. ಆದ್ದರಿಂದ 1 ಗಂಟೆಗೆ 15 ಡಿಗ್ರಿ, 1 ಡಿಗ್ರಿಗೆ 4 ನಿಮಿಷ. ಪೂರ್ವಕ್ಕೆ ಹೋದರೆ ಕೂಡಿಸಬೇಕು, ಪಶ್ಚಿಮಕ್ಕೆ ಹೋದರೆ ಕಳೆಯಬೇಕು. ಕಪ್ಪುಹಲಗೆಯ ಮೇಲೆ ಎರಡು ಲೆಕ್ಕ, ಮನೆಗೆಲಸಕ್ಕೆ ಎರಡು ಲೆಕ್ಕ. ಮಕ್ಕಳು ಸರಿಯಾದ ಉತ್ತರವನ್ನೇ ಬರೆಯುತ್ತಾರೆ. ಆದರೆ ಅದೇ ಮಕ್ಕಳ ಕೈಗೆ ವಿಮಾನದ ವೇಳಾಪಟ್ಟಿಯೊಂದನ್ನು ಕೊಟ್ಟು "ಪ್ರಯಾಣ ಎಷ್ಟು ಗಂಟೆಯದು?" ಎಂದು ಕೇಳಿ ನೋಡಿ. ಬಹಳಷ್ಟು ಮಕ್ಕಳು ತಲುಪಿದ ವೇಳೆಯಿಂದ ಹೊರಟ ವೇಳೆಯನ್ನು ಕಳೆದು ಉತ್ತರ ಹೇಳುತ್ತಾರೆ. ಸೂತ್ರ ಬಾಯಿಗೆ ಬಂದಿದೆ, ಅದನ್ನು ಎಲ್ಲಿ ಬಳಸಬೇಕೆಂಬುದು ಬಂದಿಲ್ಲ.

ಇದಕ್ಕೆ ಕಾರಣ ಮೂರು ಬೇರೆ ಬೇರೆ ಸಂಗತಿಗಳು ಮಕ್ಕಳ ಮನಸ್ಸಿನಲ್ಲಿ ಒಂದಾಗಿ ಬೆರೆತಿರುವುದು: ಎರಡು ಊರುಗಳ ನಡುವಿನ ದೂರ, ಆ ದೂರವನ್ನು ಕ್ರಮಿಸಲು ಹಿಡಿಯುವ ಕಾಲ, ಮತ್ತು ಆಯಾ ಊರಿನ ಗಡಿಯಾರ ತೋರಿಸುವ ವೇಳೆ. ಈ ಮೂರನ್ನು ಬಿಡಿಸಿ ತೋರಿಸಲು ಅಟ್ಲಾಂಟಿಕ್ ಸಾಗರದ ಎರಡು ದಡಗಳಲ್ಲಿರುವ ಲಂಡನ್ ಮತ್ತು ನ್ಯೂಯಾರ್ಕ್ ನಗರಗಳ ನಡುವಿನ ವಿಮಾನಯಾನ ಒಳ್ಳೆಯ ಉದಾಹರಣೆ. ಲಂಡನ್ 0 ಡಿಗ್ರಿ ರೇಖಾಂಶದ ಮೇಲಿರುವುದರಿಂದ ಲೆಕ್ಕ ಸುಲಭ. ಎರಡೂ ನಗರಗಳನ್ನು ಮಕ್ಕಳು ಭೂಪಟದಲ್ಲಿ ತಕ್ಷಣ ಗುರುತಿಸಬಲ್ಲರು. ಅದಕ್ಕಿಂತ ಮುಖ್ಯವಾಗಿ, ಈ ಮಾರ್ಗದಲ್ಲಿ ದೂರವನ್ನು ವೇಗದಿಂದ ಭಾಗಿಸಿದಾಗ ಬರುವ ಉತ್ತರಕ್ಕೂ ವೇಳಾಪಟ್ಟಿಗೂ ತಾಳೆಯಾಗುವುದಿಲ್ಲ. ಈ ತಾಳೆಯಾಗದಿರುವಿಕೆಯನ್ನು ಮುಚ್ಚಿಡದೆ ಅದನ್ನೇ ಪಾಠದ ಬೆನ್ನೆಲುಬಾಗಿ ಬಳಸಿಕೊಳ್ಳಬೇಕೆಂಬುದು ಈ ಲೇಖನದ ಸಲಹೆ.

ಪಾಠದ ವಿವರ

ತರಗತಿ: 8 ಅಥವಾ 9. ಅವಧಿ: 45 ನಿಮಿಷಗಳ ಎರಡು ಅವಧಿಗಳು.

ಪೂರ್ವಜ್ಞಾನ: ಅಕ್ಷಾಂಶ ಮತ್ತು ರೇಖಾಂಶಗಳ ಪರಿಚಯ, ಭೂಮಿಯ ದೈನಂದಿನ ಚಲನೆ, ದೂರ, ವೇಗ ಮತ್ತು ಕಾಲಗಳ ಸಂಬಂಧ.

ಬೋಧನೋಪಕರಣಗಳು: ಗ್ಲೋಬ್, ಪ್ರಪಂಚದ ಗೋಡೆ ಭೂಪಟ, ದಪ್ಪ ನೂಲು, ಅಳತೆಪಟ್ಟಿ, ರಟ್ಟಿನಿಂದ ಮಾಡಿದ ಎರಡು ಗಡಿಯಾರಗಳು, ಒಂದು ಚೆಂಡು.

ಕಲಿಕಾ ಫಲಗಳು: ವಿದ್ಯಾರ್ಥಿಯು (1) ವೇಳಾಪಟ್ಟಿಯಿಂದ ನಿಜವಾದ ಪ್ರಯಾಣದ ಕಾಲವನ್ನು ಕಂಡುಹಿಡಿಯುವನು, (2) ಗ್ಲೋಬಿನ ಮೇಲೆ ನೂಲಿನಿಂದ ಎರಡು ನಗರಗಳ ನಡುವಿನ ಕನಿಷ್ಠ ದೂರವನ್ನು ಅಳೆಯುವನು, (3) ಪೂರ್ವಕ್ಕೆ ಮತ್ತು ಪಶ್ಚಿಮಕ್ಕೆ ಪ್ರಯಾಣದ ಕಾಲ ಏಕೆ ಬೇರೆ ಎಂಬುದನ್ನು ಗಾಳಿಯ ಆಧಾರದ ಮೇಲೆ ವಿವರಿಸುವನು.

ಮೊದಲ ಅವಧಿ: ಗಡಿಯಾರ

ತೊಡಗಿಸಿಕೊಳ್ಳುವಿಕೆ (8 ನಿಮಿಷ). ಪೀಠಿಕೆಯ ಪ್ರಶ್ನೆಗಳನ್ನು ಉದ್ದ ಮಾಡದೆ ಕಪ್ಪುಹಲಗೆಯ ಮೇಲೆ ನೇರವಾಗಿ ಈ ಎರಡು ಸಾಲುಗಳನ್ನು ಬರೆಯಿರಿ. ಇವು ಈ ಮಾರ್ಗದ ವೇಳಾಪಟ್ಟಿಗಳಿಗೆ ಹತ್ತಿರವಾದ ಮಾದರಿ ವೇಳೆಗಳು.

ಹೋಗುವಾಗ: ಲಂಡನ್ ಬಿಡುವುದು ಬೆಳಿಗ್ಗೆ 11:00, ನ್ಯೂಯಾರ್ಕ್ ತಲುಪುವುದು ಅದೇ ದಿನ ಮಧ್ಯಾಹ್ನ 2:00.
ಬರುವಾಗ: ನ್ಯೂಯಾರ್ಕ್ ಬಿಡುವುದು ಸಂಜೆ 7:00, ಲಂಡನ್ ತಲುಪುವುದು ಮರುದಿನ ಬೆಳಿಗ್ಗೆ 7:00.

ಪ್ರಶ್ನೆ ಒಂದೇ: "ಹೋಗಲು ಎಷ್ಟು ಗಂಟೆ, ಬರಲು ಎಷ್ಟು ಗಂಟೆ?" ನಿರೀಕ್ಷಿತ ಉತ್ತರ: ಹೋಗಲು 3, ಬರಲು 12. ಈ ಉತ್ತರವನ್ನು ತಪ್ಪು ಎನ್ನಬೇಡಿ. ಹಲಗೆಯ ಒಂದು ಮೂಲೆಯಲ್ಲಿ ಬರೆದು ಹಾಗೆಯೇ ಬಿಡಿ. "ಒಂದೇ ದಾರಿ, ಒಂದೇ ಬಗೆಯ ವಿಮಾನ. ಬರುವಾಗ ನಾಲ್ಕು ಪಟ್ಟು ಹೊತ್ತು ಹಿಡಿಯುತ್ತದೆಯೇ?" ಎಂದು ಕೇಳಿ. ತರಗತಿಯಲ್ಲಿ ಅನುಮಾನ ಮೂಡಿದರೆ ಪೀಠಿಕೆಯ ಕೆಲಸ ಮುಗಿಯಿತು.

ಅನ್ವೇಷಣೆ (20 ನಿಮಿಷ). ಇಬ್ಬರು ಮಕ್ಕಳಿಗೆ ಒಂದೊಂದು ರಟ್ಟಿನ ಗಡಿಯಾರ ಕೊಡಿ. ಒಬ್ಬರು ಲಂಡನ್, ಇನ್ನೊಬ್ಬರು ನ್ಯೂಯಾರ್ಕ್. ನ್ಯೂಯಾರ್ಕ್ ಪಶ್ಚಿಮಕ್ಕೆ ಸುಮಾರು 74 ಡಿಗ್ರಿ ರೇಖಾಂಶದಲ್ಲಿದೆ. 74ನ್ನು 4 ನಿಮಿಷದಿಂದ ಗುಣಿಸಿದರೆ 296 ನಿಮಿಷ, ಅಂದರೆ 4 ಗಂಟೆ 56 ನಿಮಿಷ. ಇದು ಸ್ಥಾನಿಕ ವೇಳೆಯ ವ್ಯತ್ಯಾಸ. ಆದರೆ ಗಡಿಯಾರಗಳು ನಡೆಯುವುದು ಆದರ್ಶ ವೇಳೆಯ ಪ್ರಕಾರ. ನ್ಯೂಯಾರ್ಕ್ ಇರುವ ವೇಳಾ ವಲಯದ ಆಧಾರ ಪಶ್ಚಿಮ 75 ಡಿಗ್ರಿ ರೇಖಾಂಶ. ಆದ್ದರಿಂದ ವ್ಯತ್ಯಾಸ ಸರಿಯಾಗಿ 5 ಗಂಟೆ. ಸ್ಥಾನಿಕ ವೇಳೆ ಮತ್ತು ಆದರ್ಶ ವೇಳೆ ಬೇರೆ ಎಂಬ ಮಾತು ಪಠ್ಯದಲ್ಲಿ ಒಂದು ವಾಕ್ಯವಾಗಿ ಇರುತ್ತದೆ. ಇಲ್ಲಿ ಅದು 4 ನಿಮಿಷಗಳ ವ್ಯತ್ಯಾಸವಾಗಿ ಮಕ್ಕಳ ಕಣ್ಣಿಗೆ ಬೀಳುತ್ತದೆ. ನಮ್ಮ ದೇಶದ ಆದರ್ಶ ವೇಳೆಗೆ ಪೂರ್ವ 82½ ಡಿಗ್ರಿ ರೇಖಾಂಶ ಆಧಾರವೆಂಬುದನ್ನು ಇಲ್ಲಿಯೇ ನೆನಪಿಸಬಹುದು.

ಈಗ ಮೂರನೆಯ ವಿದ್ಯಾರ್ಥಿಯನ್ನು ಕರೆದು 'ಕೈಗಡಿಯಾರ ಬದಲಿಸದ ಪ್ರಯಾಣಿಕ'ನನ್ನಾಗಿ ಮಾಡಿ. ಅವನ ಗಡಿಯಾರ ಪ್ರಯಾಣದುದ್ದಕ್ಕೂ ಲಂಡನ್ ವೇಳೆಯನ್ನೇ ತೋರಿಸುತ್ತದೆ. ಅವನು 11 ಗಂಟೆಗೆ ಹೊರಟ. ಇಳಿದಾಗ ನ್ಯೂಯಾರ್ಕ್ ಗಡಿಯಾರದಲ್ಲಿ ಮಧ್ಯಾಹ್ನ 2, ಅವನ ಕೈಗಡಿಯಾರದಲ್ಲಿ ಸಂಜೆ 7. ಹಾಗಾದರೆ ಪ್ರಯಾಣ 8 ಗಂಟೆ. ಮರಳುವಾಗ ನ್ಯೂಯಾರ್ಕಿನಲ್ಲಿ ಸಂಜೆ 7, ಅವನ ಕೈಗಡಿಯಾರದಲ್ಲಿ ರಾತ್ರಿ 12. ಲಂಡನ್ ತಲುಪಿದಾಗ ಎರಡೂ ಗಡಿಯಾರದಲ್ಲಿ ಬೆಳಿಗ್ಗೆ 7. ಪ್ರಯಾಣ 7 ಗಂಟೆ. 'ಕೂಡಿಸು, ಕಳೆ' ಎಂಬ ನಿಯಮ ಮರೆತರೂ ಈ ಪ್ರಯಾಣಿಕನನ್ನು ನೆನೆದರೆ ಮಕ್ಕಳು ಉತ್ತರ ಕಟ್ಟಿಕೊಳ್ಳಬಲ್ಲರು.

ವಿವರಣೆ (12 ನಿಮಿಷ). ಮೂಲೆಯಲ್ಲಿ ಬಿಟ್ಟಿದ್ದ 3 ಮತ್ತು 12ಕ್ಕೆ ಈಗ ಮರಳಿ. 3ನ್ನೂ 12ನ್ನೂ ಕೂಡಿಸಿದರೆ 15. 8ನ್ನೂ 7ನ್ನೂ ಕೂಡಿಸಿದರೂ 15. ಏಕೆ? ಹೋಗುವಾಗ ಗಡಿಯಾರ 5 ಗಂಟೆ ಕಡಿಮೆ ತೋರಿಸಿತು, ಬರುವಾಗ ಅದೇ 5 ಗಂಟೆ ಹೆಚ್ಚು ತೋರಿಸಿತು. ಹೋಗಿಬಂದಾಗ ಎರಡೂ ವಜಾ ಆದವು. ಚುರುಕಾದ ಮಕ್ಕಳಿಗೆ ಇನ್ನೊಂದು ಹೆಜ್ಜೆ: ಹೋಗಲು ಬರಲು ಸಮಾನ ಕಾಲ ಹಿಡಿಯುವುದಾಗಿದ್ದರೆ 12 ಮತ್ತು 3ರ ವ್ಯತ್ಯಾಸದ ಅರ್ಧ, ಅಂದರೆ 4½ ಗಂಟೆ, ಎರಡು ನಗರಗಳ ವೇಳೆಯ ವ್ಯತ್ಯಾಸವಾಗಬೇಕಿತ್ತು. ನಿಜವಾದ ವ್ಯತ್ಯಾಸ 5 ಗಂಟೆ. ಉಳಿದ ಅರ್ಧ ಗಂಟೆಗೆ ಕಾರಣ ಗಡಿಯಾರದಲ್ಲಿಲ್ಲ.

ಕೊನೆಯ 5 ನಿಮಿಷಗಳಲ್ಲಿ ಆ ಪ್ರಶ್ನೆಯನ್ನು ಹಲಗೆಯ ಮೇಲೆ ಬರೆದು ಅವಧಿ ಮುಗಿಸಿ: "ಪಶ್ಚಿಮಕ್ಕೆ 8 ಗಂಟೆ, ಪೂರ್ವಕ್ಕೆ 7 ಗಂಟೆ. ಏಕೆ?" ಮಕ್ಕಳು ತಮ್ಮ ಊಹೆಯನ್ನು ಪುಸ್ತಕದಲ್ಲಿ ಬರೆದುಕೊಂಡು ಬರಲಿ. ಇದೇ ಮನೆಗೆಲಸ.

ಎರಡನೆಯ ಅವಧಿ: ದೂರ ಮತ್ತು ಗಾಳಿ

ನೂಲಿನ ಚಟುವಟಿಕೆ (15 ನಿಮಿಷ). ಮೊದಲು ಗೋಡೆ ಭೂಪಟದಲ್ಲಿ ಲಂಡನ್‌ನಿಂದ ನ್ಯೂಯಾರ್ಕಿಗೆ ನೂಲನ್ನು ಬಿಗಿಯಾಗಿ ಹಿಡಿಸಿ. ನೂಲು ನೈಋತ್ಯದ ಕಡೆಗೆ ಇಳಿಯುತ್ತದೆ. ಏಕೆಂದರೆ ಲಂಡನ್ ಸುಮಾರು 51½ ಡಿಗ್ರಿ, ನ್ಯೂಯಾರ್ಕ್ ಸುಮಾರು 40½ ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಈಗ ಅದೇ ನೂಲನ್ನು ಗ್ಲೋಬಿನ ಮೇಲೆ ಬಿಗಿಯಾಗಿ ಎಳೆಯಿರಿ. ಲಂಡನ್ ಬಿಟ್ಟ ನೂಲು ಮೊದಲು ಸ್ವಲ್ಪ ಉತ್ತರಕ್ಕೆ ಏರಿ, ಐರ್ಲೆಂಡನ್ನು ದಾಟಿ, ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಬಳಿ ಇಳಿದು ನ್ಯೂಯಾರ್ಕ್ ಸೇರುತ್ತದೆ. ದಕ್ಷಿಣದಲ್ಲಿರುವ ಊರಿಗೆ ಹೋಗಲು ಉತ್ತರಕ್ಕೆ ತಿರುಗಿ ಹೊರಡುವುದೇ ಹತ್ತಿರದ ದಾರಿ! ಭೂಮಿಯನ್ನು ಎರಡು ಸಮಭಾಗ ಮಾಡುವ ವೃತ್ತವೇ ಮಹಾವೃತ್ತ; ಬಿಗಿಯಾದ ನೂಲು ಯಾವಾಗಲೂ ಅಂಥ ಒಂದು ವೃತ್ತದ ತುಂಡಿನ ಮೇಲೆ ಕೂರುತ್ತದೆ ಎಂಬ ವಿವರಣೆ ಇಲ್ಲಿ ಸಾಕು.

ಅಳತೆ ಹೀಗೆ. ಶಾಲೆಗಳಲ್ಲಿರುವ ಗ್ಲೋಬಿನ ವ್ಯಾಸ 30 ಸೆಂ.ಮೀ. ಎಂದುಕೊಂಡರೆ ಸುತ್ತಳತೆ ಸುಮಾರು 94 ಸೆಂ.ಮೀ. ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ಹಾಗಾದರೆ ಗ್ಲೋಬಿನ 1 ಸೆಂ.ಮೀ.ಗೆ ಸುಮಾರು 425 ಕಿ.ಮೀ. ಎರಡು ನಗರಗಳ ನಡುವಿನ ನೂಲು ಹೆಚ್ಚುಕಡಿಮೆ 13 ಸೆಂ.ಮೀ. ಬರುತ್ತದೆ. ಗುಣಿಸಿದರೆ 5,525 ಕಿ.ಮೀ. ಎರಡು ನಗರಗಳ ಮುಖ್ಯ ವಿಮಾನ ನಿಲ್ದಾಣಗಳಾದ ಹೀಥ್ರೂ ಮತ್ತು ಜಾನ್ ಎಫ್. ಕೆನಡಿ ನಡುವಿನ ಮಹಾವೃತ್ತದ ದೂರ ಸುಮಾರು 5,540 ಕಿ.ಮೀ. ನೂಲು ಮತ್ತು ಅಳತೆಪಟ್ಟಿಯಿಂದ ಇಷ್ಟು ಹತ್ತಿರ ಬಂದುದನ್ನು ಕಂಡಾಗ ಮಕ್ಕಳಿಗೆ ಆಗುವ ಸಂತೋಷವನ್ನು ಅವಸರದಲ್ಲಿ ದಾಟಿಹೋಗಬೇಡಿ. ಗುಂಪಿನಿಂದ ಗುಂಪಿಗೆ ಅಳತೆ 12½ರಿಂದ 13½ರವರೆಗೆ ಬದಲಾಗಬಹುದು, ಅರ್ಧ ಸೆಂ.ಮೀ. ತಪ್ಪಿದರೆ ಎಷ್ಟು ಕಿ.ಮೀ. ತಪ್ಪುತ್ತದೆ ಎಂದು ಅವರಿಂದಲೇ ಲೆಕ್ಕ ಮಾಡಿಸಿ. ಸಾಮಾನ್ಯವಾಗಿ ಬಳಕೆಯಲ್ಲಿರುವ ಮರ್ಕೇಟರ್ ಭೂಪಟದ ಸರಳರೇಖೆಯನ್ನು ಹಿಡಿದು, ದಿಕ್ಕು ಬದಲಿಸದೆ ಹೋದರೆ ದೂರ ಸುಮಾರು 5,760 ಕಿ.ಮೀ. ಆಗುತ್ತದೆ, ಅಂದರೆ 200 ಕಿ.ಮೀ.ಗೂ ಹೆಚ್ಚಿನ ಬಳಸುದಾರಿ.

ಲೆಕ್ಕ ಮತ್ತು ವೇಳಾಪಟ್ಟಿ (10 ನಿಮಿಷ). ಜೆಟ್ ವಿಮಾನದ ವೇಗ ಗಂಟೆಗೆ 900 ಕಿ.ಮೀ. ಎಂದಿಟ್ಟುಕೊಳ್ಳಿ. 5,540ನ್ನು 900ರಿಂದ ಭಾಗಿಸಿದರೆ 6 ಗಂಟೆ 9 ನಿಮಿಷ. ಈ ಉತ್ತರ 8ಕ್ಕೂ ಹೊಂದುವುದಿಲ್ಲ, 7ಕ್ಕೂ ಹೊಂದುವುದಿಲ್ಲ. ಅನೇಕ ಪ್ರಶಿಕ್ಷಣಾರ್ಥಿಗಳು ಈ ಹಂತದಲ್ಲಿ ಗಾಬರಿಯಾಗಿ ವೇಗವನ್ನು ಬದಲಿಸಿ ಉತ್ತರವನ್ನು ಹೊಂದಿಸುತ್ತಾರೆ. ಹಾಗೆ ಮಾಡಬೇಡಿ. "ಲೆಕ್ಕ ಸರಿ ಇದೆ. ಹಾಗಾದರೆ ಲೆಕ್ಕದಲ್ಲಿ ಏನು ಬಿಟ್ಟುಹೋಗಿದೆ?" ಎಂದು ಕೇಳಿ. ವಿಮಾನ ಹೊರಡುವ ಮುನ್ನ ನೆಲದ ಮೇಲೆ ನಿಧಾನವಾಗಿ ಸಾಗುತ್ತದೆ, ಸರದಿಗೆ ಕಾಯುತ್ತದೆ, ಮೇಲೇರುವಾಗಲೂ ಇಳಿಯುವಾಗಲೂ ಪೂರ್ಣ ವೇಗದಲ್ಲಿರುವುದಿಲ್ಲ, ಇಳಿಯಲು ಅನುಮತಿ ಸಿಗುವವರೆಗೆ ಸುತ್ತು ಹೊಡೆಯಬೇಕಾಗಬಹುದು. ವೇಳಾಪಟ್ಟಿಯ ಕಾಲದಲ್ಲಿ ಇದೆಲ್ಲ ಸೇರಿದೆ. ಬಸ್ಸಿನಲ್ಲಿ ಓಡಾಡುವ ಮಕ್ಕಳಿಗೆ ಇದು ಸುಲಭವಾಗಿ ಹೊಳೆಯುತ್ತದೆ. ಆದರೆ ಈ ಕಾರಣಗಳು ಎರಡೂ ದಿಕ್ಕಿಗೆ ಹೆಚ್ಚುಕಡಿಮೆ ಒಂದೇ. 7 ಮತ್ತು 8ರ ನಡುವಿನ ಅಂತರಕ್ಕೆ ಬೇರೆ ಕಾರಣ ಬೇಕು.

ಭೂಮಿ ತಿರುಗುವ ಪ್ರಶ್ನೆ (10 ನಿಮಿಷ). ಹಿಂದಿನ ದಿನದ ಊಹೆಗಳನ್ನು ಈಗ ಓದಿಸಿ. ಬಹುಪಾಲು ತರಗತಿಗಳಲ್ಲಿ ಬರುವ ಉತ್ತರ: "ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತದೆ, ಅದಕ್ಕೇ ಸರ್." ಈ ಉತ್ತರಕ್ಕೆ 'ಹೌದು, ಸರಿ' ಎಂದುಬಿಟ್ಟರೆ ಪಾಠವೇ ಕೆಟ್ಟಂತೆ. ಮಾತನ್ನು ಹೀಗೆ ಮುಂದುವರಿಸಬಹುದು.

ಶಿಕ್ಷಕರು: ಭೂಮಿ ಪೂರ್ವಕ್ಕೆ ತಿರುಗುತ್ತಿದೆ. ವಿಮಾನ ಮೇಲೆದ್ದ ಮೇಲೆ ಕೆಳಗೆ ಭೂಮಿ ತನ್ನಷ್ಟಕ್ಕೆ ತಿರುಗುತ್ತದೆ ಎನ್ನುವುದಾದರೆ, ಯಾವ ಊರು ವಿಮಾನದ ಎದುರಿಗೆ ಬರುತ್ತದೆ?
ವಿದ್ಯಾರ್ಥಿ: ಪಶ್ಚಿಮದಲ್ಲಿರುವ ಊರು ಸರ್. ನ್ಯೂಯಾರ್ಕ್.
ಶಿಕ್ಷಕರು: ಹಾಗಾದರೆ ನ್ಯೂಯಾರ್ಕಿಗೆ ಹೋಗುವುದು ಬೇಗ ಆಗಬೇಕೋ, ತಡ ಆಗಬೇಕೋ?
ವಿದ್ಯಾರ್ಥಿ: ಬೇಗ ಆಗಬೇಕು.
ಶಿಕ್ಷಕರು: ವೇಳಾಪಟ್ಟಿ ಏನು ಹೇಳುತ್ತದೆ?
ವಿದ್ಯಾರ್ಥಿ: ತಡ ಅಂತ ಹೇಳುತ್ತದೆ.

ಊಹೆ ತಾನಾಗಿಯೇ ಬಿದ್ದಿತು. ಈಗ ಚೆಂಡನ್ನು ತೆಗೆಯಿರಿ. "ಓಡುವ ಬಸ್ಸಿನಲ್ಲಿ ಕೂತು ಚೆಂಡನ್ನು ಮೇಲಕ್ಕೆ ಎಸೆದರೆ ಅದು ಹಿಂದಿನ ಸೀಟಿಗೆ ಬೀಳುತ್ತದೆಯೇ, ಕೈಗೇ ಬರುತ್ತದೆಯೇ?" ಕೈಗೇ ಬರುತ್ತದೆ, ಬಸ್ಸಿನ ವೇಗ ಚೆಂಡಿಗೂ ಇದೆ, ಬಸ್ಸಿನೊಳಗಿನ ಗಾಳಿಗೂ ಇದೆ. ಭೂಮಿಯ ವಾತಾವರಣವೂ ಭೂಮಿಯ ಜೊತೆಯಲ್ಲೇ ತಿರುಗುತ್ತದೆ. ಹಾಗಿಲ್ಲದಿದ್ದರೆ ಬೆಂಗಳೂರಿನ ಅಕ್ಷಾಂಶದಲ್ಲಿ ನಿಂತವರಿಗೆ ಹಗಲೂ ರಾತ್ರಿ ಗಂಟೆಗೆ 1,600 ಕಿ.ಮೀ. ವೇಗದ ಗಾಳಿ ಹೊಡೆಯಬೇಕಿತ್ತು.

ಅನಂತರ ನಿಜವಾದ ಕಾರಣಕ್ಕೆ ಬನ್ನಿ. ವಿಮಾನಗಳು ಹಾರುವ 9ರಿಂದ 12 ಕಿ.ಮೀ. ಎತ್ತರದಲ್ಲಿ ಮಧ್ಯ ಅಕ್ಷಾಂಶಗಳ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಬಲವಾದ ಗಾಳಿಯ ಹೊಳೆಯೊಂದು ಹರಿಯುತ್ತದೆ. ಇದೇ ಜೆಟ್ ವಾಯುಪ್ರವಾಹ. ಉಷ್ಣವಲಯದ ಬೆಚ್ಚನೆಯ ಗಾಳಿಗೂ ಧ್ರುವದ ಕಡೆಯ ತಣ್ಣನೆಯ ಗಾಳಿಗೂ ಇರುವ ಉಷ್ಣತೆಯ ವ್ಯತ್ಯಾಸದಿಂದ ಇದು ಹುಟ್ಟುತ್ತದೆ. ಭೂಮಿಯ ತಿರುಗುವಿಕೆ ಇದನ್ನು ಪೂರ್ವಕ್ಕೆ ತಿರುಗಿಸುತ್ತದೆ. ಚಳಿಗಾಲದಲ್ಲಿ ಉಷ್ಣತೆಯ ವ್ಯತ್ಯಾಸ ಹೆಚ್ಚಾದಾಗ ಇದರ ಬಲವೂ ಹೆಚ್ಚು. ಹಾಗಾಗಿ ಭೂಮಿಯ ಚಲನೆಯನ್ನು ಹೆಸರಿಸಿದ ವಿದ್ಯಾರ್ಥಿಯನ್ನು ಪೂರ್ತಿ ತಳ್ಳಿಹಾಕಬೇಕಿಲ್ಲ. ಭೂಮಿಯ ಚಲನೆ ಗಾಳಿಯ ದಿಕ್ಕನ್ನು ತಿರುಗಿಸುತ್ತದೆ, ಗಾಳಿ ವಿಮಾನವನ್ನು ತಳ್ಳುತ್ತದೆ. ಭೂಮಿ ನೇರವಾಗಿ ವಿಮಾನದ ಕೆಳಗಿಂದ ಜಾರಿಹೋಗುವುದಿಲ್ಲ ಎಂದು ಅವನ ಮಾತನ್ನು ತಿದ್ದಿ ಕೊಡಿ.

ಗಾಳಿಯನ್ನು ಲೆಕ್ಕಕ್ಕೆ ಸೇರಿಸಿದಾಗ (5 ನಿಮಿಷ). ಸರಾಸರಿ ಗಂಟೆಗೆ 100 ಕಿ.ಮೀ. ಗಾಳಿ ಎಂದಿಟ್ಟುಕೊಂಡರೆ ಪೂರ್ವಕ್ಕೆ ಹೋಗುವ ವಿಮಾನ ನೆಲಕ್ಕೆ ಹೋಲಿಸಿದಂತೆ 1,000 ಕಿ.ಮೀ. ವೇಗದಲ್ಲಿ, ಪಶ್ಚಿಮಕ್ಕೆ ಹೋಗುವ ವಿಮಾನ 800 ಕಿ.ಮೀ. ವೇಗದಲ್ಲಿ ಸಾಗುತ್ತದೆ. ಪೂರ್ವಕ್ಕೆ 5 ಗಂಟೆ 32 ನಿಮಿಷ, ಪಶ್ಚಿಮಕ್ಕೆ 6 ಗಂಟೆ 55 ನಿಮಿಷ. ಗಣಿತ ಬೋಧಿಸುವ ಪ್ರಶಿಕ್ಷಣಾರ್ಥಿಗಳು ಇಲ್ಲಿ ನಿಂತು ನೋಡಬೇಕಾದ ಸಂಗತಿಯೊಂದಿದೆ. ಗಾಳಿಯಿಂದ ಪೂರ್ವಕ್ಕೆ 37 ನಿಮಿಷ ಉಳಿಯಿತು, ಪಶ್ಚಿಮಕ್ಕೆ 46 ನಿಮಿಷ ನಷ್ಟವಾಯಿತು. ಗಾಳಿ ಎರಡೂ ಕಡೆ ಒಂದೇ ಆಗಿದ್ದರೂ ಲಾಭನಷ್ಟ ಸರಿಹೋಗಲಿಲ್ಲ. ಏಕೆಂದರೆ ನಿಧಾನವಾಗಿ ಸಾಗುವಾಗ ವಿಮಾನ ಎದುರುಗಾಳಿಯಲ್ಲಿ ಹೆಚ್ಚು ಹೊತ್ತು ಇರುತ್ತದೆ. ಹರಿವಿನ ಜೊತೆಗೂ ಎದುರಿಗೂ ಸಾಗುವ ದೋಣಿಯ ಲೆಕ್ಕದ ತಿರುಳೂ ಇದೇ.

ವಿಸ್ತರಣೆಗೆ ಬಳಸಬಹುದಾದ ಸಂಗತಿಗಳು

ಇತಿಹಾಸದಲ್ಲಿಯೂ ಈ ಗಾಳಿಯ ಗುರುತಿದೆ. ಅಟ್ಲಾಂಟಿಕ್ ಸಾಗರವನ್ನು ಎಲ್ಲಿಯೂ ಇಳಿಯದೆ ಮೊದಲು ವಿಮಾನದಲ್ಲಿ ದಾಟಿದವರು ಜಾನ್ ಆಲ್ಕಾಕ್ ಮತ್ತು ಆರ್ಥರ್ ಬ್ರೌನ್. 1919ರ ಜೂನ್ 14–15ರಂದು ನ್ಯೂಫೌಂಡ್‌ಲ್ಯಾಂಡಿನಿಂದ ಐರ್ಲೆಂಡಿಗೆ, ಅಂದರೆ ಪಶ್ಚಿಮದಿಂದ ಪೂರ್ವಕ್ಕೆ, ಸುಮಾರು 16 ಗಂಟೆಗಳಲ್ಲಿ. ಎದುರುಗಾಳಿಯಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ವಿಮಾನವೊಂದು ಹೀಗೆ ದಾಟಲು 1928ರ ಏಪ್ರಿಲ್‌ವರೆಗೆ ಕಾಯಬೇಕಾಯಿತು. 'ಬ್ರೆಮೆನ್' ಎಂಬ ವಿಮಾನ ಆಗ ಐರ್ಲೆಂಡಿನಿಂದ ಕೆನಡಾ ತಲುಪಿತು.

ಇಂದು ಈ ಸಾಗರದ ಮೇಲಿನ ವಾಯುಮಾರ್ಗಗಳು ಸ್ಥಿರವಾಗಿಲ್ಲ. ಸಾಗರದ ಎರಡು ಕಡೆಯ ವಾಯು ಸಂಚಾರ ನಿಯಂತ್ರಣ ಕೇಂದ್ರಗಳು ಆಯಾ ದಿನದ ಗಾಳಿಯನ್ನು ನೋಡಿ ಮಾರ್ಗಗಳನ್ನು ಗೊತ್ತುಪಡಿಸುತ್ತವೆ. ಪೂರ್ವಕ್ಕೆ ಹೋಗುವ ಮಾರ್ಗಗಳು ಜೆಟ್ ಪ್ರವಾಹವನ್ನು ಹಿಡಿಯುತ್ತವೆ, ಪಶ್ಚಿಮಕ್ಕೆ ಹೋಗುವವು ಅದನ್ನು ತಪ್ಪಿಸುತ್ತವೆ. ಮಹಾವೃತ್ತಕ್ಕಿಂತ ಉದ್ದದ ದಾರಿ ಕಡಿಮೆ ಕಾಲ ತೆಗೆದುಕೊಳ್ಳುವುದೂ ಉಂಟು. 'ಹತ್ತಿರದ ದಾರಿ' ಮತ್ತು 'ಬೇಗನೆ ಸೇರಿಸುವ ದಾರಿ' ಬೇರೆ ಬೇರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಕನ್ನಡಿಗ ಮಕ್ಕಳಿಗೆ ಹತ್ತಿರದ ಉದಾಹರಣೆಯೂ ಇದೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳ ತಂಡವೊಂದು ಸ್ಯಾನ್ ಫ್ರಾನ್ಸಿಸ್ಕೊದಿಂದ ಉತ್ತರ ಧ್ರುವದ ಮೇಲಿನ ಮಾರ್ಗವಾಗಿ ಬೆಂಗಳೂರಿಗೆ ಎಲ್ಲಿಯೂ ಇಳಿಯದೆ ಬಂದಿತು. ಎರಡು ನಗರಗಳ ಮಹಾವೃತ್ತದ ದೂರ ಸುಮಾರು 14,000 ಕಿ.ಮೀ. ಗ್ಲೋಬಿನ ಮೇಲೆ ಇದೇ ನೂಲನ್ನು ಎಳೆದು ನೋಡಿದರೆ ಅದು ಪೆಸಿಫಿಕ್ ಸಾಗರದ ನಡುಭಾಗವನ್ನು ಬಿಟ್ಟು ಉತ್ತರಕ್ಕೆ ಏರುವುದನ್ನು ಮಕ್ಕಳೇ ಕಾಣುತ್ತಾರೆ.

ಮೌಲ್ಯಮಾಪನ

ಉಳಿದ 5 ನಿಮಿಷಗಳಲ್ಲಿ ಮೊದಲ ಎರಡು ಪ್ರಶ್ನೆಗಳು ಸಾಕು, ಉಳಿದವು ಮನೆಗೆಲಸಕ್ಕೆ.

1. ಕಾಂಕಾರ್ಡ್ ವಿಮಾನ ಲಂಡನ್‌ನಿಂದ ನ್ಯೂಯಾರ್ಕಿಗೆ ಸುಮಾರು 3½ ಗಂಟೆಯಲ್ಲಿ ಹೋಗುತ್ತಿತ್ತು. ಬೆಳಿಗ್ಗೆ 10:30ಕ್ಕೆ ಹೊರಟರೆ ನ್ಯೂಯಾರ್ಕಿನಲ್ಲಿ ವೇಳೆ ಎಷ್ಟಾಗಿರುತ್ತದೆ? (ಬೆಳಿಗ್ಗೆ 9:00. ಹೊರಡುವ ಮೊದಲೇ ತಲುಪಿದಂತೆ!)

2. ಆಲ್ಕಾಕ್ ಮತ್ತು ಬ್ರೌನ್ ಸುಮಾರು 3,040 ಕಿ.ಮೀ. ಹಾರಿದರು. ಸರಾಸರಿ ವೇಗ ಎಷ್ಟು? (ಗಂಟೆಗೆ 190 ಕಿ.ಮೀ.)

3. ಅಮೆರಿಕ ಮಾರ್ಚ್ ತಿಂಗಳ ಎರಡನೆಯ ಭಾನುವಾರ, ಬ್ರಿಟನ್ ಕೊನೆಯ ಭಾನುವಾರ ಗಡಿಯಾರವನ್ನು 1 ಗಂಟೆ ಮುಂದಕ್ಕೆ ಇಡುತ್ತವೆ. ಹಾಗಾದರೆ ಮಾರ್ಚ್ 20ರಂದು ಬೆಳಿಗ್ಗೆ 11ಕ್ಕೆ ಲಂಡನ್ ಬಿಟ್ಟು 8 ಗಂಟೆ ಹಾರಿದವರು ನ್ಯೂಯಾರ್ಕ್ ತಲುಪುವುದು ಯಾವಾಗ? (ಅಂದು ವ್ಯತ್ಯಾಸ 4 ಗಂಟೆ ಮಾತ್ರ, ಮಧ್ಯಾಹ್ನ 3:00.)

4. 2020ರ ಫೆಬ್ರವರಿಯಲ್ಲಿ ಬಿರುಗಾಳಿಯ ದಿನವೊಂದರಲ್ಲಿ ಜೆಟ್ ವಿಮಾನವೊಂದು ನ್ಯೂಯಾರ್ಕಿನಿಂದ ಲಂಡನ್ನಿಗೆ 4 ಗಂಟೆ 56 ನಿಮಿಷಗಳಲ್ಲಿ ಬಂದಿತು. ನೆಲಕ್ಕೆ ಹೋಲಿಸಿದಂತೆ ಅದರ ವೇಗ ಕೆಲಹೊತ್ತು ಗಂಟೆಗೆ 1,300 ಕಿ.ಮೀ. ದಾಟಿತ್ತು. ಅದು ಶಬ್ದದ ವೇಗವನ್ನು ಮೀರಿತ್ತೇ? (ಇಲ್ಲ. ಸುತ್ತಲಿನ ಗಾಳಿಗೆ ಹೋಲಿಸಿದಂತೆ ಅದರ ವೇಗ ಎಂದಿನಷ್ಟೇ. ಗಾಳಿಯೇ ಅದನ್ನು ಹೊತ್ತು ತಂದಿತು.)

ಅವಲೋಕನ ಮಾಡುವವರಿಗೆ

ಈ ಪಾಠವನ್ನು ವೀಕ್ಷಿಸುವ ಬೋಧಕರು ಮತ್ತು ಸಹಪ್ರಶಿಕ್ಷಣಾರ್ಥಿಗಳು ಮೂರು ಕ್ಷಣಗಳನ್ನು ವಿಶೇಷವಾಗಿ ಗಮನಿಸಬೇಕು. ಒಂದು, '3 ಮತ್ತು 12' ಎಂಬ ಉತ್ತರ ಬಂದಾಗ ಶಿಕ್ಷಕರು ತಕ್ಷಣ ತಿದ್ದಿದರೇ ಅಥವಾ ಕಾದರೇ. ಎರಡು, 6 ಗಂಟೆ 9 ನಿಮಿಷದ ಉತ್ತರ ವೇಳಾಪಟ್ಟಿಗೆ ಹೊಂದದಿದ್ದಾಗ ಕಾರಣ ಹುಡುಕುವ ಕೆಲಸವನ್ನು ಮಕ್ಕಳಿಗೆ ಬಿಟ್ಟುಕೊಟ್ಟರೇ. ಮೂರು, ಭೂಮಿ ತಿರುಗುವುದೇ ಕಾರಣ ಎಂದ ವಿದ್ಯಾರ್ಥಿಗೆ ಮರುಪ್ರಶ್ನೆ ಹಾಕಿದರೇ, ಇಲ್ಲವೇ ಸರಿ ಅಥವಾ ತಪ್ಪು ಎಂದು ಮುಂದೆ ಹೋದರೇ. ಕಪ್ಪುಹಲಗೆಯ ಅಂದ, ಧ್ವನಿಯ ಏರಿಳಿತ, ಉಪಕರಣಗಳ ಬಳಕೆ ಇವಕ್ಕೆ ಅವಲೋಕನ ಪಟ್ಟಿಯಲ್ಲಿ ಜಾಗವಿದ್ದೇ ಇದೆ. ಈ ಮೂರನ್ನು ಷರಾ ಅಂಕಣದಲ್ಲಿ ಒಂದೊಂದು ವಾಕ್ಯವಾಗಿ ಬರೆಯಿರಿ. ಪಾಠದ ನಂತರದ ಚರ್ಚೆಯನ್ನು ಆ ವಾಕ್ಯಗಳಿಂದಲೇ ಆರಂಭಿಸಿದರೆ ಪ್ರಶಿಕ್ಷಣಾರ್ಥಿಗೆ ತನ್ನ ಮುಂದಿನ ಪಾಠಕ್ಕೆ ಬೇಕಾದ ದಾರಿ ಸಿಗುತ್ತದೆ.